ಸಣ್ಣ ಫೆಸೆಂಟ್ ಶೂಟ್: ಹಕ್ಕಿಗಳು ಪಕ್ಕದ ಜಮೀನು ಸೇರದಂತೆ ನೋಡಿಕೊಳ್ಳುವುದು ಹೇಗೆ?

ಶ್ರಾಪ್‌ಶೈರ್_ಕನ್ನಡಿಗ:

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಶ್ರಾಪ್‌ಶೈರಿನಲ್ಲಿ ಎಂಟು ಜನ ಸೇರಿ ನಡೆಸುವ ಸಣ್ಣ ಫೆಸೆಂಟ್ ಶೂಟ್ ನಮ್ಮದು, ಅಂದರೆ ಕಾಡುಕೋಳಿಯಂಥ ಫೆಸೆಂಟ್ ಹಕ್ಕಿಗಳನ್ನು ಸಾಕಿ ಬಿಟ್ಟು ಕೋವಿಯಿಂದ ಬೇಟೆಯಾಡುವ ಕೂಟ. ಈ ಸಲ ಹಕ್ಕಿಗಳ ಜವಾಬ್ದಾರಿ ನನಗೆ ಬಂದಿದೆ. ಜಮೀನು ಸುಮಾರು 220 ಎಕರೆ, ಪೂರ್ವ ಪಶ್ಚಿಮವಾಗಿ ಉದ್ದಕ್ಕಿದೆ. ನಡುವೆ ಓಕ್ ಮರಗಳ ಒಂದು ಸಣ್ಣ ಕಾಡು, ಪೂರ್ವದ ಗಡಿಗೆ ಅಂಟಿಕೊಂಡಂತೆ ಇನ್ನೊಂದು ತೋಪು. ಈಗಿರುವ ರಿಲೀಸ್ ಪೆನ್ (ಮರಿಗಳನ್ನು ಹೊರಬಿಡುವ ಮುಂಚೆ ಇಡುವ ಬೇಲಿಯ ಆವರಣ) ಗಡಿಯ ತೋಪಿನಲ್ಲಿದೆ. ಏಳು ವಾರದ 500 ಮರಿ ತಂದು ಬಿಡುತ್ತೇವೆ. ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಅರ್ಧಕ್ಕರ್ಧ ಪಕ್ಕದವರ ಮೆಕ್ಕೆಜೋಳ ಸೇರಿಬಿಡುತ್ತವೆ.

ಪೆನ್ನಿನ ಮೇಲೂ ಬಲೆ ಹಾಕಿ ಅಕ್ಟೋಬರ್‌ವರೆಗೆ ಕೂಡಿಹಾಕಿದರೆ ನಿಲ್ಲುತ್ತವೆಯೇ? ಅಥವಾ ಹಾಪರ್‌ಗಳನ್ನು (ಕಾಳು ತುಂಬಿಡುವ ಡಬ್ಬಿಗಳನ್ನು) ಹೆಚ್ಚಿಸಬೇಕೇ?

ಬೇಲಿಸಾಲು:

ಮೇಲೆ ಬಲೆ ಬೇಡ. ಬೆಳೆದ ಹಕ್ಕಿಗಳನ್ನು ಇಕ್ಕಟ್ಟಿನಲ್ಲಿ ಕೂಡಿಹಾಕಿದರೆ ಒಂದರ ಗರಿ ಒಂದು ಕಿತ್ತುಕೊಳ್ಳುತ್ತವೆ, ಕಾಕ್ಸಿಡಿಯೋಸಿಸ್ ಎಂಬ ಕರುಳಿನ ರೋಗ, ಉಸಿರುನಾಳದ ಗೇಪ್ಸ್ ಹುಳ ಬೇಗ ಹರಡುತ್ತವೆ. ಅಷ್ಟು ಮಾಡಿಯೂ ಬಾಗಿಲು ತೆಗೆದ ದಿನ ಅವು ದಿಕ್ಕು ತಿಳಿಯದೆ ಚದುರುತ್ತವೆ. ಮರಿ ಆಗಸ್ಟಿನಲ್ಲೇ ಒಳಗೆ ಹೊರಗೆ ಓಡಾಡಿಕೊಂಡು, ಸಂಜೆ ಪೆನ್ನಿಗೇ ಮರಳಿ ಮರ ಹತ್ತಿ ಮಲಗುವ ಅಭ್ಯಾಸ ಮಾಡಿಕೊಳ್ಳಬೇಕು. ರಾತ್ರಿ ಎಲ್ಲಿ ಕೂರುತ್ತದೋ ಅದೇ ಫೆಸೆಂಟಿಗೆ ಮನೆ.

ನಿಮ್ಮ ತೊಂದರೆಯ ಮೂಲ ಪೆನ್ ಇರುವ ಜಾಗ. ಬೆಳಿಗ್ಗೆ ಮರ ಇಳಿದ ಹಕ್ಕಿ ಬಿಸಿಲಿಗೆ ಮುಖಮಾಡಿ, ಹೆಜ್ (ಗಿಡಗಳ ಬೇಲಿಸಾಲು) ಹಿಡಿದುಕೊಂಡು ನಡೆಯುತ್ತದೆ. ನಿಮ್ಮಲ್ಲಿ ಪೂರ್ವಕ್ಕೆ ನಡೆದರೆ ಕೆಲವೇ ಹೆಜ್ಜೆಯಲ್ಲಿ ಪಕ್ಕದ ಜಮೀನು. ಪೆನ್ನನ್ನು ನಡುವಿನ ಓಕ್ ಕಾಡಿಗೆ ಒಯ್ಯಿರಿ. ಯಾವ ಗಡಿಗೂ 400–500 ಮೀಟರ್ ದೂರ ಸಿಕ್ಕರೆ ಒಳ್ಳೆಯದು; ಅಷ್ಟು ಸಿಗದಿದ್ದರೆ ಪೂರ್ವದ ಕಡೆಗಾದರೂ ಹೆಚ್ಚು ಅಂತರ ಇರಲಿ.

ಗೇಮ್ ಅಂಡ್ ವೈಲ್ಡ್‌ಲೈಫ್ ಕನ್ಸರ್ವೇಷನ್ ಟ್ರಸ್ಟ್ ಎಂಬ ಇಲ್ಲಿಯ ಸಂಸ್ಥೆ ಪೆನ್ನಿಗೆ ಹೇಳುವ ಮಿತಿ ಹೆಕ್ಟೇರಿಗೆ 1,000 ಹಕ್ಕಿ, ಹಳೆಯ ಸೂಕ್ಷ್ಮ ಕಾಡಾದರೆ 700. ನಿಮ್ಮ 500ಕ್ಕೆ ಕನಿಷ್ಠ ಅರ್ಧ ಹೆಕ್ಟೇರ್ ಬೇಕು, ಅಂದರೆ ಸುಮಾರು 280 ಮೀಟರ್ ಸುತ್ತಳತೆ. ಒಳಗೆ ಮೂರರಲ್ಲೊಂದು ಪಾಲು ಬಿಸಿಲು ಬೀಳುವ ಬಯಲು, ಒಂದು ಪಾಲು ಪೊದೆ, ಒಂದು ಪಾಲು ಮರ. ಬಿಸಿಲು ಬೀಳದ ಪೆನ್ನಿನಲ್ಲಿ ಮಳೆಗೆ ನೆನೆದ ಮರಿ ಒಣಗುವುದೇ ಇಲ್ಲ. ಒಣಗಲು ಬಿಸಿಲು ಹುಡುಕಿಕೊಂಡು ಹೊರಟದ್ದು ಅಲ್ಲೇ ಉಳಿದುಬಿಡುತ್ತದೆ.

ಬೇಲಿ ನೆಲದಿಂದ 1.8 ಮೀಟರ್ ಎತ್ತರ ಇರಲಿ. ಕೆಳಗಿನ ಒಂದು ಮೀಟರಿಗೆ 31 ಮಿ.ಮೀ. ಕಣ್ಣಿನ ತಂತಿಬಲೆ, ಮೇಲಕ್ಕೆ 50 ಮಿ.ಮೀ. ಸಾಕು. ಬುಡದ 30 ಸೆಂ.ಮೀ. ಹೊರಕ್ಕೆ ಮಡಚಿ ಗೂಟ ಹೊಡೆಯಿರಿ, ಇಲ್ಲದಿದ್ದರೆ ನರಿ ಅಗೆದು ನುಗ್ಗುತ್ತದೆ. ತುದಿಯ 45 ಸೆಂ.ಮೀ. ಹೊರಕ್ಕೆ ಜೋಲುವಂತೆ ಸಡಿಲ ಬಿಡಿ. ಬಿಗಿಯಾಗಿ ಎಳೆದು ಕಟ್ಟಿದ ತುದಿಯನ್ನು ನರಿ ಹತ್ತಿಬಿಡುತ್ತದೆ. ಹೊರಗೆ ಎರಡೆಳೆ ವಿದ್ಯುತ್ ತಂತಿ, ನೆಲದಿಂದ 15 ಮತ್ತು 30 ಸೆಂ.ಮೀ. ಎತ್ತರದಲ್ಲಿ. ಅದರ ಕೆಳಗಿನ ಹುಲ್ಲನ್ನು ಕತ್ತರಿಸುತ್ತಲೇ ಇರಬೇಕು. ಒದ್ದೆ ಹುಲ್ಲು ತಂತಿಗೆ ತಾಗಿದರೆ ಕರೆಂಟೆಲ್ಲ ನೆಲಕ್ಕೆ ಹೋಗುತ್ತದೆ.

ಎಲ್ಲಕ್ಕಿಂತ ಮುಖ್ಯ, ಹಕ್ಕಿ ನಡೆದುಕೊಂಡೇ ಒಳಗೆ ಮರಳುವ ಪಾಪ್‌ಹೋಲ್. ಸುಮಾರು 50 ಮೀಟರಿಗೊಂದರಂತೆ ನಿಮಗೆ ಐದಾರು ಬೇಕು. ತಂತಿಬಲೆಯನ್ನು ಹೊರಗೆ ಅಗಲ, ಒಳಗೆ ಕಿರಿದಾಗುವ ಆಲಿಕೆಯಂತೆ ಮಾಡಿ, ಬಾಯಿಗೆ 9 ಸೆಂ.ಮೀ. ಅಂತರದ ಸರಳು ಕೂರಿಸಿ, ನರಿ ಹೋಗದಂತೆ. ವಿದ್ಯುತ್ ತಂತಿ ಆ ಬಾಯಿಗೆ ಅಡ್ಡ ಬರಬಾರದು. ಹೊರಗೆ ಬಿದ್ದ ಮರಿ ಬೇಲಿಯ ಬುಡದಲ್ಲೇ ಹಿಂದೆ ಮುಂದೆ ನಡೆಯುತ್ತಿರುತ್ತದೆ, ತಾನಾಗಿ ತಿರುಗಿ ತೂತು ಹುಡುಕುವುದಿಲ್ಲ. ಅದಕ್ಕೇ ಪ್ರತಿ ಪಾಪ್‌ಹೋಲಿನ ಎರಡೂ ಬದಿಗೆ ಎರಡು ಮೀಟರಿನಷ್ಟು ಬಲೆಯ ರೆಕ್ಕೆಯನ್ನು ಓರೆಯಾಗಿ ಚಾಚಬೇಕು. ಬೇಲಿಗೆ ಚೂಪು ಮೂಲೆ ಬೇಡ. ಒಳಗಿನ ಮರಿಗಳು ಮೂಲೆಯಲ್ಲಿ ಒಟ್ಟಾಗಿ ಒಂದರ ಮೇಲೊಂದು ಹತ್ತಿ ಸಾಯುತ್ತವೆ.

ಮರಿ ತರುವ ದಿನ ಒಣ ಹವೆ ಇರಲಿ, ಬೆಳಿಗ್ಗೆಯೇ ಬಿಡಿ. ಒಂದೇ ರೆಕ್ಕೆಯ ಹೊರಗಿನ ಗರಿ ಕತ್ತರಿಸಿದರೆ ಹೊಸ ಗರಿ ಬರುವವರೆಗೆ ಮೂರು ನಾಲ್ಕು ವಾರ ಬೇಲಿ ದಾಟಲಾರವು. ಅಷ್ಟು ಹೊತ್ತಿಗೆ ಜಾಗ ರೂಢಿಯಾಗಿರುತ್ತದೆ.

ಗೋಧಿ_ಮತ್ತು_ನಾಯಿ:

ಜಾಗದ ಬಗ್ಗೆ ಮೇಲಿನವರು ಹೇಳಿದ್ದು ಸರಿ. ಹಾಪರ್ ವಿಷಯಕ್ಕೆ ಬರುತ್ತೇನೆ. ಹಾಪರ್ ಹೆಚ್ಚಿಸಿದರೆ ಹಕ್ಕಿ ನಿಲ್ಲುತ್ತದೆ ಎಂಬುದನ್ನು ನಾನು ಒಪ್ಪುವುದಿಲ್ಲ. ಹಾಪರಿನಲ್ಲಿ ಹಕ್ಕಿಗೆ ಹತ್ತು ನಿಮಿಷದಲ್ಲಿ ಹೊಟ್ಟೆ ತುಂಬುತ್ತದೆ, ಉಳಿದ ದಿನವೆಲ್ಲ ಅದಕ್ಕೆ ತಿರುಗಾಡಲು ಬಿಡುವು. ಕಾಡಿನ ದಾರಿಯಲ್ಲಿ ದಪ್ಪಗೆ ಗೋಧಿಹುಲ್ಲು ಹಾಸಿ ಅದರ ಮೇಲೆ ಕಾಳು ಎರಚಿ. ಕೆದಕಿ ಹುಡುಕುತ್ತಾ ಅರ್ಧ ದಿನ ಅಲ್ಲೇ ಕಳೆಯುತ್ತವೆ.

ಫೆಸೆಂಟ್ ದಿನಕ್ಕೆ 60–75 ಗ್ರಾಂ ತಿನ್ನುತ್ತದೆ. 500ಕ್ಕೆ 35 ಕಿಲೋ, 25 ಕಿಲೋ ಚೀಲದ ಲೆಕ್ಕದಲ್ಲಿ ಒಂದೂವರೆ ಚೀಲಕ್ಕೆ ಸ್ವಲ್ಪ ಕಡಿಮೆ. ಪೆಲೆಟ್‌ನಿಂದ (ಮರಿಗಳ ಗುಳಿಗೆ ಆಹಾರದಿಂದ) ಗೋಧಿಗೆ ಒಂದೇ ದಿನ ಬದಲಾಯಿಸಬೇಡಿ. ಎರಡು ವಾರದಲ್ಲಿ ಪೆಲೆಟ್ ಇಳಿಸುತ್ತಾ ಗೋಧಿ ಏರಿಸಿ. ಬೆಳಿಗ್ಗೆ ಹಕ್ಕಿ ಮರ ಇಳಿಯುವ ಹೊತ್ತಿಗೆ ಒಮ್ಮೆ, ಮಧ್ಯಾಹ್ನ ಮೂರರ ಸುಮಾರಿಗೆ ಇನ್ನೊಮ್ಮೆ. ಪ್ರತಿ ಸಲವೂ ಅದೇ ಸೀಟಿ, ಅದೇ ದಾರಿ. ಸೀಟಿ ಕೇಳಿದರೆ ಕಾಳು ಎಂದು ಕಲಿತ ಮೇಲೆ ಓಡಿ ಬರುತ್ತವೆ. ಪೆನ್ನಿನಿಂದ ಶುರುಮಾಡಿ ಹುಲ್ಲಿನ ಸಾಲನ್ನು ಎರಡು ಮೂರು ದಿನಕ್ಕೊಮ್ಮೆ 20–30 ಮೀಟರ್ ಮುಂದಕ್ಕೆ ಬೆಳೆಸಿ, ನಿಮ್ಮದೇ ಕೇಲ್ ಸೊಪ್ಪು ಅಥವಾ ಮೆಕ್ಕೆಜೋಳದ ಪಟ್ಟಿಗೆ ಮುಟ್ಟಿಸಿ. ಅಂಥ ಪಟ್ಟಿ ಇಲ್ಲದಿದ್ದರೆ ಪಕ್ಕದವರ ಮೆಕ್ಕೆಜೋಳದ ಸೆಳೆತಕ್ಕೆ ನಿಮ್ಮಲ್ಲಿ ಎದುರು ಇಲ್ಲ.

ನೀರು ಮರೆಯಬೇಡಿ. ಒಣ ಆಗಸ್ಟಿನಲ್ಲಿ ಹಕ್ಕಿ ಗಡಿ ದಾಟುವುದು ಎಷ್ಟೋ ಸಲ ಬರೀ ನೀರಿಗಾಗಿ.

ಇನ್ನು ನಾಯಿ ಕೆಲಸ, ಇಲ್ಲಿಯವರು ‘ಡಾಗಿಂಗ್ ಇನ್’ ಅನ್ನುವುದು. ಬೆಳಕು ಹರಿದ ಒಂದು ಗಂಟೆಯೊಳಗೆ ಗಡಿಯ ತುದಿಗೆ ಹೋಗಿ, ನೀವು ಗಡಿಯ ಕಡೆ, ಹಕ್ಕಿ ನಿಮ್ಮ ಮುಂದೆ ಇರುವಂತೆ ನಿಂತು ಮನೆಯತ್ತ ನಡೆಯಿರಿ. ಹಕ್ಕಿ ನಡೆದು ಹೋಗಬೇಕು, ಹಾರಬಾರದು. ಅಟ್ಟಿಸಿಕೊಂಡು ಓಡುವ ನಾಯಿ ಇದ್ದರೆ ಕಟ್ಟಿಹಾಕಿ, ನೀವೇ ಒಂದು ಕೋಲು ಹಿಡಿದು ನಡೆಯುವುದು ಮೇಲು. ಗಾಬರಿಯಾಗಿ ಎದ್ದದ್ದು ನಿಮ್ಮ ತಲೆ ಮೇಲಿಂದಲೇ ಗಡಿ ದಾಟಿ ಇಳಿಯುತ್ತದೆ. ಸಂಜೆ ಅದೇ ಕೆಲಸ ಮತ್ತೊಮ್ಮೆ, ಮರ ಹತ್ತುವ ಮುಂಚೆ.

ಆಗಸ್ಟ್ ಕೊನೆಯಿಂದ ಅಕ್ಟೋಬರ್ ಮುಗಿಯುವವರೆಗೆ ಇದು ದಿನವೂ ನಡೆಯಬೇಕು. ಮೊದಲು ಕೊಯ್ದ ಹೊಲದಲ್ಲಿ ಉದುರಿದ ಕಾಳು ಕರೆಯುತ್ತದೆ, ಆಮೇಲೆ ಬ್ಲ್ಯಾಕ್‌ಬೆರಿ, ಅಕ್ಟೋಬರಿನಲ್ಲಿ ಓಕ್ ಕಾಯಿ. ಓಕ್ ಕಾಯಿ ನಿಮ್ಮ ನಡುವಿನ ಕಾಡಿನಲ್ಲೇ ಬೀಳುವುದು ದೊಡ್ಡ ಅನುಕೂಲ.

ಶ್ರಾಪ್‌ಶೈರ್_ಕನ್ನಡಿಗ:

ತುಂಬಾ ಉಪಕಾರ. ನಾವೆಲ್ಲ ಕೆಲಸಕ್ಕೆ ಹೋಗುವವರು, ಒಬ್ಬರೇ ದಿನಕ್ಕೆರಡು ಸಲ ಹೋಗುವುದು ಕಷ್ಟ. ಏನು ಬಿಡಬಹುದು, ಏನು ಬಿಡಬಾರದು? ದಾಟಿಹೋದ ಹಕ್ಕಿಯನ್ನು ಹೋಗಿ ತರುವ ಹಕ್ಕು ನಮಗಿದೆಯೇ?

ಬೇಲಿಸಾಲು:

ಹಕ್ಕು ಇಲ್ಲ. ಪೆನ್ನಿನೊಳಗೆ ಇರುವವರೆಗೆ ಹಕ್ಕಿ ನಿಮ್ಮ ಸ್ವತ್ತು. ಹೊರಬಿದ್ದು ಸ್ವತಂತ್ರವಾಗಿ ಓಡಾಡತೊಡಗಿದರೆ ಕಾನೂನಿನ ಕಣ್ಣಿಗೆ ಕಾಡುಹಕ್ಕಿ, ಯಾರ ಜಮೀನಿನಲ್ಲಿದೆಯೋ ಅಲ್ಲಿ ಶೂಟಿಂಗ್ ಹಕ್ಕು ಇರುವವರು ಹೊಡೆಯಬಹುದು. ಕೋವಿ ಹಿಡಿದು ಅನುಮತಿಯಿಲ್ಲದೆ ಬೇಲಿ ದಾಟಿದರೆ ಅಪರಾಧ. ನಾಯಿ ಜೊತೆ ಅವರ ಹೆಜ್ ನಡೆಯಲು ಬೇಸಿಗೆಯಲ್ಲೇ ಕೇಳಿಕೊಳ್ಳಿ. ಒಂದು ದಿನ ಶೂಟಿಗೆ ಕರೆಯಿರಿ, ಕ್ರಿಸ್‌ಮಸ್ ಹೊತ್ತಿಗೆ ಒಂದು ಜೋಡಿ ಹಕ್ಕಿ ಕೊಡಿ. ಒಳ್ಳೆಯ ನೆರೆಹೊರೆಗಿಂತ ಗಟ್ಟಿ ಗಡಿ ಇಲ್ಲ.

ಕಾಗದಪತ್ರವೂ ಮುಖ್ಯ. 2024ರ ಅಕ್ಟೋಬರ್ 1ರಿಂದ ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಕೆಲವೇ ಹಕ್ಕಿ ಸಾಕಿದರೂ ಸರ್ಕಾರದ ಪ್ರಾಣಿ ಮತ್ತು ಸಸ್ಯ ಆರೋಗ್ಯ ಸಂಸ್ಥೆಯಾದ ಎಪಿಎಚ್‌ಎಯಲ್ಲಿ ನೋಂದಣಿ ಕಡ್ಡಾಯ. ಸಂರಕ್ಷಿತ ತಾಣಗಳ ಒಳಗೆ ಅಥವಾ 500 ಮೀಟರ್ ಸುತ್ತಿನಲ್ಲಿ ಬಿಡಲು ಪರವಾನಗಿಯ ನಿಯಮಗಳಿವೆ. ಪೆನ್ ಜಾಗ ಬದಲಿಸುವ ಮುಂಚೆ ನಕ್ಷೆ ನೋಡಿ. ಹಕ್ಕಿಜ್ವರದ ನಿರ್ಬಂಧ ಇದ್ದರೆ ಮರಿ ತರುವುದು, ಬಿಡುವುದು ನಿಂತುಹೋಗಬಹುದು.

ಗೋಧಿ_ಮತ್ತು_ನಾಯಿ:

ಎಂಟು ಜನ ಇದ್ದೀರಲ್ಲ, ಸರದಿ ಹಾಕಿಕೊಳ್ಳಿ. ಸೀಟಿ ಮಾತ್ರ ಎಲ್ಲರದ್ದೂ ಒಂದೇ ಇರಲಿ. ಮಧ್ಯಾಹ್ನದ ಕಾಳಿನ ಬದಲು ಪೆನ್ನಿನ ಹತ್ತಿರ ಮತ್ತು ಪಟ್ಟಿಯ ಬಳಿ ಹಾಪರ್ ಇಡಬಹುದು, 30 ಹಕ್ಕಿಗೊಂದರಂತೆ. ಬೆಳಗಿನ ಕಾಳು ಮತ್ತು ಗಡಿಯ ನಡಿಗೆ ಬಿಡಬಾರದು. ನಾಲ್ಕು ರಾತ್ರಿ ಪಕ್ಕದ ಕಾಡಿನಲ್ಲಿ ಮಲಗಿದ ಹಕ್ಕಿಯನ್ನು ತಿರುಗಿ ತರುವುದು ಬಹಳ ಕಷ್ಟ. ಗಡಿಗೆ ಹತ್ತಿರ, ರಸ್ತೆಗೆ ಹತ್ತಿರ ಹಾಪರ್ ಬೇಡವೇ ಬೇಡ.

ಸೋಮವಾರಪೇಟೆ_ತೋಟ:

ಒಂದು ಸಂದೇಹ. ನಮ್ಮಲ್ಲಿ ಕಾಫಿ ತೋಟದಲ್ಲಿ ಗೌಜಲಹಕ್ಕಿ ಸಾಕಿ ಹೀಗೆ ಶೂಟ್ ನಡೆಸಬಹುದೇ? ಕೊಡಗಿನಲ್ಲಿ ಕೋವಿಗೆ ವಿನಾಯಿತಿ ಇದೆಯಲ್ಲ?

ಬೇಲಿಸಾಲು:

ಇಲ್ಲ. ಆ ವಿನಾಯಿತಿ ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಗೆ ಸಂಬಂಧಿಸಿದ್ದು, ಬೇಟೆಗಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಗೌಜಲಹಕ್ಕಿ, ಕಾಡುಕೋಳಿ ಎರಡೂ ರಕ್ಷಿತ. ಹಿಡಿಯುವುದೂ ಅಪರಾಧ, ಹೊಡೆಯುವುದೂ ಅಪರಾಧ.

ಶ್ರೂಸ್‌ಬರಿ_ಬೀಟರ್:

ಶೂಟಿನ ದಿನಗಳ ಬಗ್ಗೆ ಯಾರೂ ಹೇಳಲಿಲ್ಲ. ಹಕ್ಕಿ ಊರು ಬಿಡುವುದಕ್ಕೆ ಅದೂ ದೊಡ್ಡ ಕಾರಣ. ಫೆಸೆಂಟ್ ಸೀಸನ್ ಅಕ್ಟೋಬರ್ 1ರಿಂದ ಫೆಬ್ರವರಿ 1ರವರೆಗೆ ಇದ್ದರೂ ಸಣ್ಣ ಶೂಟ್ ನವೆಂಬರ್ ಮಧ್ಯಕ್ಕೆ ಶುರುವಾಗುವುದು ಒಳ್ಳೆಯದು, ಅಷ್ಟರಲ್ಲಿ ಹಕ್ಕಿ ಬಲಿತು ಎತ್ತರಕ್ಕೆ ಹಾರುತ್ತದೆ. ಭಾನುವಾರ ಮತ್ತು ಕ್ರಿಸ್‌ಮಸ್ ದಿನ ಹೊಡೆಯುವಂತಿಲ್ಲ. ಒಂದೇ ಪಟ್ಟಿಯನ್ನು ಎರಡು ವಾರದೊಳಗೆ ಮತ್ತೆ ಸೋವಬೇಡಿ (ಹಕ್ಕಿ ಎಬ್ಬಿಸಿ ಅಟ್ಟಬೇಡಿ).

ಬೆಳಿಗ್ಗೆ ಕೋವಿಯವರು ನಿಲ್ಲುವ ಮುಂಚೆಯೇ ಬೀಟರ್‌ಗಳು (ಹಕ್ಕಿ ಸೋವುವವರು) ಗಡಿಯ ಹೆಜ್‌ಗಳನ್ನು ಮೆಲ್ಲಗೆ ಸೋವಿಕೊಂಡು ಹಕ್ಕಿಗಳನ್ನು ನಡುವಿಗೆ ತರಬೇಕು. ಡ್ರೈವ್‌ಗಳ (ಹಕ್ಕಿಗಳನ್ನು ಕೋವಿಯವರತ್ತ ಹಾರಿಸುವ ಸುತ್ತುಗಳ) ದಿಕ್ಕು ಯಾವಾಗಲೂ ಮನೆಯ ಕಡೆಗೇ ಇರಲಿ. ನಿಮ್ಮ ಜಮೀನಿನಲ್ಲಿ ಪೂರ್ವಕ್ಕೆ ಹಾರಿಸಿದ ಪ್ರತಿ ಹಕ್ಕಿ ಪಕ್ಕದವರಿಗೆ ಕೊಟ್ಟಂತೆ. ಒಂದು ಮೂಲೆಯನ್ನು ಸೀಸನ್ ಪೂರ್ತಿ ಮುಟ್ಟದೆ ಬಿಡಿ, ಬೆದರಿದವಕ್ಕೆ ಸೇರಲು ನಿಮ್ಮಲ್ಲೇ ಜಾಗ ಇರುತ್ತದೆ. ಮಧ್ಯಾಹ್ನ ಮೂರಕ್ಕೆ ಮುಗಿಸಿ ಕಾಳು ಹಾಕಿ, ಮರ ಹತ್ತುವ ಹೊತ್ತಿಗೆ ಗದ್ದಲ ಇರಬಾರದು.

ಇಷ್ಟೆಲ್ಲ ಮಾಡಿದರೂ ಬಿಟ್ಟದ್ದರಲ್ಲಿ ಮೂರರಲ್ಲೊಂದು ಪಾಲು, ಹೆಚ್ಚೆಂದರೆ 40% ಬೇಟೆಯ ಚೀಲಕ್ಕೆ ಬರುತ್ತದೆ. ಲೆಕ್ಕವನ್ನು ಅದರ ಮೇಲೇ ಹಾಕಿ, ಸದಸ್ಯರಿಗೆ ಮೊದಲೇ ತಿಳಿಸಿ. ಕೊನೆಯ ಶೂಟ್ ಆದ ಮೇಲೂ ಮೇ ತಿಂಗಳವರೆಗೆ ಕೆಲವು ಹಾಪರ್ ತುಂಬಿಸುತ್ತಿರಿ, ಉಳಿದ ಹೆಣ್ಣುಗಳು ಮರಿಮಾಡುವ ಹೊತ್ತಿಗೆ ಅಲ್ಲೇ ಇರುತ್ತವೆ.