ಕಿವಿಗೆ ಏನನ್ನಾದರೂ ಬಿಡುವ ಮೊದಲು: ಮನೆಯ ಸ್ಪೀಕರು, ಇಯರ್‌ಫೋನು ಮತ್ತು ಶ್ರವಣದ ಕುರಿತು ಪ್ರಶ್ನೋತ್ತರ

ನಿರ್ವಾಹಕರು: ತುಮಕೂರಿನ ಬಡಾವಣೆಗಳ ನಮ್ಮ ಗುಂಪಿನಲ್ಲಿ ಹೋಂ ಥಿಯೇಟರ್ ಮತ್ತು ಇಯರ್‌ಫೋನ್‌ಗಳ ಬಗ್ಗೆ ಪ್ರಶ್ನೆಗಳು ಹೆಚ್ಚಾಗಿರುವುದರಿಂದ, ನಗರದಲ್ಲಿ ಬಹಳ ವರ್ಷಗಳಿಂದ ಶ್ರವಣ ಪರೀಕ್ಷೆ ಮಾಡುತ್ತಿರುವ ನಮ್ಮ ಸದಸ್ಯೆಯೊಬ್ಬರು ಈ ಭಾನುವಾರ ಸಂಜೆ ಉತ್ತರಿಸಲು ಒಪ್ಪಿದ್ದಾರೆ. ಹೆಸರಿನ ಬದಲು ಬಡಾವಣೆಯನ್ನು ನಮೂದಿಸಿ ಪ್ರಶ್ನೆ ಕೇಳಬೇಕಾಗಿ ವಿನಂತಿ.

ಎಸ್.ಎಸ್. ಪುರಂ: ನಾನು ಮನೆಯಿಂದಲೇ ಕೆಲಸ ಮಾಡುವವನು. ದಿನಕ್ಕೆ ಆರು ಗಂಟೆ ಇಯರ್‌ಫೋನ್ ಕಿವಿಯಲ್ಲಿರುತ್ತದೆ. ಎಷ್ಟು ಶಬ್ದವನ್ನು ಎಷ್ಟು ಹೊತ್ತು ಕೇಳಬಹುದು ಎಂಬುದಕ್ಕೆ ಲೆಕ್ಕವಿದೆಯೇ?

ಶ್ರವಣತಜ್ಞೆ: ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ದೊಡ್ಡವರಿಗೆ ವಾರಕ್ಕೆ 40 ಗಂಟೆ 80 ಡೆಸಿಬಲ್, ಮಕ್ಕಳಿಗೆ ಅದೇ 40 ಗಂಟೆಗೆ 75 ಡೆಸಿಬಲ್ ಮಿತಿ. ಶಬ್ದ 3 ಡೆಸಿಬಲ್ ಏರಿದರೆ ಅದರ ಶಕ್ತಿ ಎರಡರಷ್ಟಾಗುವುದರಿಂದ ಕೇಳಬಹುದಾದ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 83ಕ್ಕೆ 20 ಗಂಟೆ, 86ಕ್ಕೆ 10 ಗಂಟೆ. ಫೋನಿನ ಪರದೆಯ ಮೇಲಿನ ಪಟ್ಟಿ ಡೆಸಿಬಲ್ ಅಲ್ಲ. ಒಂದು ಇಯರ್‌ಫೋನಿನಲ್ಲಿ ಅರ್ಧ ಪಟ್ಟಿಗೆ ಮೆಲ್ಲಗೆ ಕೇಳುವುದು ಇನ್ನೊಂದರಲ್ಲಿ ಅದೇ ಅರ್ಧಕ್ಕೆ ಜೋರಾಗಿರುತ್ತದೆ. ಬೆಳಗಿನ ಬೆಂಗಳೂರು ರೈಲಿನಲ್ಲಿ ಹಳಿಯ ಸದ್ದನ್ನು ಮೀರಿಸಲು ಎಲ್ಲರೂ ಶಬ್ದ ಏರಿಸುತ್ತಾರೆ, ಇಳಿದ ಮೇಲೆ ಇಳಿಸುವುದನ್ನು ಮರೆಯುತ್ತಾರೆ. ನೀವು ಮನೆಯಲ್ಲಿ ಇರುವವರಾದ್ದರಿಂದ ಆ ನೆಪವೂ ನಿಮಗಿಲ್ಲ.

ಮರಳೂರು: ನಮ್ಮ ತಂದೆಯವರಿಗೆ 74 ವರ್ಷ. ಟಿ.ವಿ.ಯನ್ನು ಬೀದಿಗೆಲ್ಲ ಕೇಳುವಂತೆ ಇಟ್ಟುಕೊಂಡರೂ ವಾರ್ತೆ ಸರಿಯಾಗಿ ತಿಳಿಯುವುದಿಲ್ಲ ಎನ್ನುತ್ತಾರೆ.

ಶ್ರವಣತಜ್ಞೆ: ವಯಸ್ಸಾದಂತೆ ಮೊದಲು ಕೈಬಿಡುವುದು ಹೆಚ್ಚಿನ ಕಂಪನಾಂಕದ ಶಬ್ದಗಳು, ಮತ್ತು ಸ, ಶ, ತ, ಕ ಮೊದಲಾದ ವ್ಯಂಜನಗಳ ಗುರುತು ಅಲ್ಲಿಯೇ ಇರುತ್ತದೆ. ವಾಲ್ಯೂಮ್ ಏರಿಸಿದಾಗ ಆ, ಉ ಮುಂತಾದ ಸ್ವರಗಳು ಗದ್ದಲ ಮಾಡುತ್ತವೆಯೇ ಹೊರತು, ಸೊಸೆ ಹೇಳಿದ್ದು "ಸಾಕು" ಎಂದೋ "ಹಾಕು" ಎಂದೋ ಎಂಬುದು ತೀರ್ಮಾನವಾಗುವುದಿಲ್ಲ. ಈಗಿನ ತೆಳು ಟಿ.ವಿ.ಗಳ ಸ್ಪೀಕರು ಕೆಳಕ್ಕೋ ಗೋಡೆಯ ಕಡೆಗೋ ಮುಖಮಾಡಿರುತ್ತದೆ. ಚಿಕ್ಕ ಸ್ಪೀಕರೊಂದನ್ನು ಅವರ ಕುರ್ಚಿಯ ಸಮೀಪ, ಎದುರಿಗೆ ಬರುವಂತೆ ಇಡಿ. ಆಮೇಲೆ ಪರೀಕ್ಷೆಗೆ ಕರೆತನ್ನಿ.

ಕ್ಯಾತ್ಸಂದ್ರ: ಕಿವಿಯ ಹಿಂದೆ ಇಡುವ ಶ್ರವಣ ಸಾಧನ ಒಳ್ಳೆಯದೋ, ಒಳಗೆ ಕೂರಿಸುವುದು ಒಳ್ಳೆಯದೋ ದಯವಿಟ್ಟು ತಿಳಿಸಿ.

ಬಟವಾಡಿ: ಗುರುವಾರ ರಾತ್ರಿ ಹೊಸ ಆಂಪ್ಲಿಫೈಯರಿನ ತಂತಿ ಸಿಕ್ಕಿಸಲು ಸ್ಪೀಕರಿನ ಪಕ್ಕದಲ್ಲಿ ಮಂಡಿಯೂರಿ ಕುಳಿತಿದ್ದೆ. ಗುಂಡಿ ಪೂರ್ತಿ ತಿರುಗಿರುವುದು ಗೊತ್ತಿಲ್ಲದೆ ಮಗ ಆಚೆ ಕೋಣೆಯಿಂದ ತನ್ನ ಫೋನನ್ನು ಬ್ಲೂಟೂತಿಗೆ ಜೋಡಿಸಿಬಿಟ್ಟ. ಎಡಗಿವಿಯಿಂದ ಒಂದು ಗೇಣು ದೂರದಲ್ಲಿ ಕಿವಿಗಡಚಿಕ್ಕುವ ಶಬ್ದ ಬಂತು. ಅಂದಿನಿಂದ ಆ ಕಿವಿಯಲ್ಲಿ ಹತ್ತಿ ತುರುಕಿದಂತಿದೆ. ಎರಡು ಮನೆ ಆಚೆ ಕುಕ್ಕರ್ ಕೂಗುತ್ತಲೇ ಇರುವಂತೆ ಒಂದು ಸಿಳ್ಳೆ ನಿಂತಿಲ್ಲ. ಔಷಧಿ ಅಂಗಡಿಯವರು ಗುಗ್ಗೆ ಇರಬಹುದೆಂದು ಹನಿ ಕೊಟ್ಟರು. ಈ ಗುಂಪಿನಲ್ಲೇ ಬಂದ ಸಂದೇಶವನ್ನು ನೋಡಿ ನಿನ್ನೆ ಬೆಳ್ಳುಳ್ಳಿ ಎಣ್ಣೆಯನ್ನೂ ಎರಡು ಹನಿ ಬಿಟ್ಟುಕೊಂಡೆ. ನೋವೇನೂ ಇಲ್ಲ. ಒಂದು ವಾರ ಕಾದು ನೋಡಬಹುದೇ?

ಶ್ರವಣತಜ್ಞೆ: ಕಾಯಬಾರದು. ಈಗಲೇ ಒಂದು ಕೆಲಸ ಮಾಡಿ. ಬಾಯಿ ಮುಚ್ಚಿಕೊಂಡು ಒಂದೇ ಸಮನೆ "ಹ್ಮ್" ಎಂದು ಗುನುಗಿ, ಆ ಗುನುಗು ಯಾವ ಕಿವಿಯಲ್ಲಿ ಜೋರಾಗಿ ಕೇಳುತ್ತದೆ ಎಂದು ಬರೆಯಿರಿ. ಸಕ್ಕರೆ ಕಾಯಿಲೆ ಇದೆಯೇ, ತಲೆ ಸುತ್ತುತ್ತದೆಯೇ ಎಂಬುದನ್ನೂ ತಿಳಿಸಿ.

ಬಟವಾಡಿ: ಬಲಗಿವಿಯಲ್ಲಿ, ಅಂದರೆ ಚೆನ್ನಾಗಿರುವ ಕಡೆಯೇ ಜೋರಾಗಿ ಕೇಳುತ್ತದೆ. ಸಕ್ಕರೆಗೆ ಮಾತ್ರೆ ತೆಗೆದುಕೊಳ್ಳುತ್ತೇನೆ. ತಲೆ ಸುತ್ತಿಲ್ಲ.

ಶ್ರವಣತಜ್ಞೆ: ಉಳಿದವರು ಸ್ವಲ್ಪ ತಾಳಬೇಕು, ನನಗೆ ಕಳವಳ ತಂದಿರುವುದು ಇದೊಂದೇ ಪ್ರಶ್ನೆ. ಗುಗ್ಗೆಯಿಂದ ಕಿವಿ ಕಟ್ಟಿಕೊಂಡಿದ್ದರೆ ಗುನುಗು ಕಟ್ಟಿದ ಕಿವಿಯಲ್ಲೇ ಜೋರಾಗಿ ಕೇಳಬೇಕಿತ್ತು. ಬೆರಳಿನಿಂದ ಒಂದು ಕಿವಿ ಮುಚ್ಚಿ ಗುನುಗಿದರೆ ಯಾರಿಗಾದರೂ ಇದು ಗೊತ್ತಾಗುತ್ತದೆ. ನಿಮಗೆ ಅದು ಒಳ್ಳೆಯ ಕಿವಿಯ ಕಡೆಗೆ ಸರಿದಿದೆ ಎಂದರೆ ತೊಂದರೆ ಒಳಗಿವಿಯದೋ ನರದ್ದೋ ಆಗಿರುವ ಸಂಭವ ಹೆಚ್ಚು. ಇದು ಮನೆಯಲ್ಲಿ ಮಾಡಿಕೊಳ್ಳುವ ಒರಟು ಪರೀಕ್ಷೆ ಮಾತ್ರ. ವೈದ್ಯರು ಇದನ್ನೇ ಶ್ರುತಿಕವೆಯನ್ನು (ಬಡಿದರೆ ಒಂದೇ ಸ್ವರ ಹೊಮ್ಮಿಸುವ ಲೋಹದ ಕವೆ) ಹಣೆಗೆ ತಾಗಿಸಿ ನಿಖರವಾಗಿ ಮಾಡುತ್ತಾರೆ.

ಒಳಗಿವಿಯ ಶಂಖದಲ್ಲಿ ಒಂದೊಂದು ಕಡೆಯೂ ಶಬ್ದವನ್ನು ಹಿಡಿದು ನರಕ್ಕೆ ದಾಟಿಸುವ ಸುಮಾರು 15,000 ರೋಮಕೋಶಗಳಿರುತ್ತವೆ. ಹುಟ್ಟುವಾಗ ಬಂದದ್ದೇ ಕೊನೆಯವರೆಗೆ. ಸತ್ತವು ಮರಳಿ ಬೆಳೆಯುವುದಿಲ್ಲ, ಸಾಯುವಾಗ ನೋವೂ ಆಗುವುದಿಲ್ಲ. ಆದ್ದರಿಂದ "ನೋವೇನೂ ಇಲ್ಲ" ಎಂಬ ನಿಮ್ಮ ಮಾತಿನಿಂದ ನನಗೆ ಸಮಾಧಾನವಾಗುವುದಿಲ್ಲ. ಮದುವೆ ಮೆರವಣಿಗೆಯ ಮರುದಿನ ಕಿವಿ ಮಂದವಾಗಿ, ಒಂದೆರಡು ದಿನದಲ್ಲಿ ಸರಿಹೋಗುವುದುಂಟು. ಅಂಥ ಕೋಶಗಳು ದಣಿದಿರುತ್ತವೆ, ಸತ್ತಿರುವುದಿಲ್ಲ. ನಿಮಗೆ ಇಂದು ನಾಲ್ಕನೆಯ ದಿನ. ಇದು ಶಬ್ದದ ಪೆಟ್ಟೋ, ಕಾಕತಾಳೀಯವಾಗಿ ಅದೇ ದಿನ ಬಂದ ಹಠಾತ್ ಶ್ರವಣ ನಷ್ಟವೋ ಎಂಬುದನ್ನು ಪರೀಕ್ಷೆಯಿಂದಲೇ ತಿಳಿಯಬೇಕು, ಆದರೆ ಎರಡರಲ್ಲೂ ಅವಸರ ಒಂದೇ. ಹಠಾತ್ ನಷ್ಟಕ್ಕೆ ಕೊಡುವ ಸ್ಟೆರಾಯ್ಡ್ ಮೊದಲ ಎರಡು ವಾರದೊಳಗೆ, ಅದರಲ್ಲೂ ಮೊದಲ ಕೆಲವು ದಿನಗಳಲ್ಲಿ ಆರಂಭವಾದರೆ ಫಲದ ಸಾಧ್ಯತೆ ಹೆಚ್ಚು. ಶಬ್ದದ ಪೆಟ್ಟಿಗೂ ಬಹಳ ವೈದ್ಯರು ಅದನ್ನೇ ಬೇಗನೆ ಕೊಡುತ್ತಾರೆ. ಅದು ಸಕ್ಕರೆಯನ್ನು ಏರಿಸುತ್ತದೆ, ಆದ್ದರಿಂದ ನಿಮ್ಮ ಮಾತ್ರೆಯ ಚೀಟಿಯನ್ನು ಜೊತೆಯಲ್ಲಿ ಒಯ್ಯಿರಿ. ಸಕ್ಕರೆ ಇರುವವರಿಗೆ ಕೆಲವೊಮ್ಮೆ ಮಾತ್ರೆಯ ಬದಲು ಕಿವಿತಮಟೆಯ ಮೂಲಕ ಸೂಜಿಯಲ್ಲಿ ಔಷಧ ಕೊಡುತ್ತಾರೆ. ಆ ತೀರ್ಮಾನ ನನ್ನದಲ್ಲ, ಕಿವಿ-ಮೂಗು-ಗಂಟಲು ವೈದ್ಯರದ್ದು. ನಾಳೆ ಬೆಳಿಗ್ಗೆ ಹೊರರೋಗಿ ವಿಭಾಗ ತೆರೆಯುವ ಹೊತ್ತಿಗೆ ಅಲ್ಲಿರಿ. ಇಂದು ರಾತ್ರಿ ತಲೆ ಸುತ್ತಿದರೆ ಅಥವಾ ಮುಖ ಒಂದು ಕಡೆಗೆ ವಾಲಿದರೆ ಬೆಳಗಾಗುವುದನ್ನು ಕಾಯಬೇಡಿ. ಕಿವಿಗೆ ಇನ್ನೊಂದು ಹನಿಯನ್ನೂ ಬಿಡಬೇಡಿ.

ಉಪ್ಪಾರಹಳ್ಳಿ: ಬೆಳ್ಳುಳ್ಳಿ ಎಣ್ಣೆಯ ಸಂದೇಶವನ್ನು ಹಾಕಿದವನು ನಾನೇ. ನಮ್ಮ ಅಜ್ಜಿ ಎಲ್ಲರ ಕಿವಿಗೂ ಹಾಕುತ್ತಿದ್ದರು, ಯಾರೂ ಕಿವುಡರಾಗಲಿಲ್ಲ. ಹೆಬ್ಬೆರಳಿಲ್ಲದೆ ಉಳಿದ ಬೆರಳುಗಳಿಂದ ತಲೆಯ ಹಿಂಭಾಗವನ್ನು ಐವತ್ತು ಸಲ ತಟ್ಟಿದರೆ ಸಿಳ್ಳೆ ನಿಲ್ಲುತ್ತದೆ ಎಂಬ ವಿಡಿಯೊ ಕೂಡ ಇದೆ, ಕಳುಹಿಸುತ್ತೇನೆ.

ಶ್ರವಣತಜ್ಞೆ: ದಯವಿಟ್ಟು ಕಳುಹಿಸಬೇಡಿ. ಹನಿ ಹೋಗಿ ನಿಲ್ಲುವುದು ತಮಟೆಯ ಈಚೆ, ಪೆಟ್ಟು ಬಿದ್ದಿರುವುದು ತಮಟೆಯ ಆಚೆ, ಮೂಳೆಯ ಒಳಗೆ. ತಮಟೆಯಲ್ಲಿ ತೂತಿದ್ದರೆ ಎಣ್ಣೆ ನಡುಗಿವಿಗೆ ಇಳಿಯುತ್ತದೆ. ತೂತಿಲ್ಲದಿದ್ದರೆ ನಾಳದ ಚರ್ಮವನ್ನು ಬೆಳ್ಳುಳ್ಳಿ ಸುಡುತ್ತದೆ, ತೇವ ಉಳಿದರೆ ಬೂಷ್ಟು ಹಿಡಿಯುತ್ತದೆ, ಮತ್ತು ವೈದ್ಯರು ದೀಪ ಹಿಡಿದು ನೋಡುವಾಗ ತಮಟೆಯ ಬದಲು ಎಣ್ಣೆಯ ಜಿಡ್ಡು ಕಾಣುತ್ತದೆ. ತಲೆ ತಟ್ಟಿಕೊಳ್ಳುವುದರಿಂದ ಅಂಥ ಅಪಾಯವಿಲ್ಲ, ಆದರೆ ಅದನ್ನು ನಂಬಿ ನಾಲ್ಕು ದಿನ ಕಳೆದರೆ ಆ ನಾಲ್ಕು ದಿನ ಮರಳಿ ಬರುವುದಿಲ್ಲ.

ಉಪ್ಪಾರಹಳ್ಳಿ: ನಮ್ಮ ಹಿರಿಯರ ಜ್ಞಾನವನ್ನು ಅವಮಾನಿಸುವ ಅಗತ್ಯವಿರಲಿಲ್ಲ.

ಗುಬ್ಬಿ ಗೇಟ್: ನಾನು ಆಂಪ್ಲಿಫೈಯರ್ ರಿಪೇರಿ ಮಾಡುವವನು. ಅಜ್ಜಿಯ ಕಾಲದಲ್ಲಿ ಬ್ಲೂಟೂತ್ ಇರಲಿಲ್ಲ ಎಂಬುದನ್ನು ಉಪ್ಪಾರಹಳ್ಳಿಯವರು ಗಮನಿಸಬೇಕು. ತಂತಿ ಮುಟ್ಟುವ ಮೊದಲು ಗುಂಡಿಯನ್ನು ಸೊನ್ನೆಗೆ ತಂದು, ಸ್ವಿಚ್ ಆರಿಸಿ, ಪ್ಲಗ್ ಕಿತ್ತಿಡಬೇಕು. ಫೋನಿನಲ್ಲೊಂದು ವಾಲ್ಯೂಮ್, ಆಂಪ್ಲಿಫೈಯರಿನಲ್ಲೊಂದು ವಾಲ್ಯೂಮ್ ಇರುವುದರಿಂದ ಯಾವುದು ಎಲ್ಲಿದೆ ಎಂಬುದು ಶಬ್ದ ಬರುವವರೆಗೆ ಗೊತ್ತಾಗುವುದಿಲ್ಲ. ಬಯಲಿನ ಲೆಕ್ಕದಲ್ಲಿ ದೂರ ಅರ್ಧವಾದಾಗಲೆಲ್ಲ 6 ಡೆಸಿಬಲ್ ಏರುತ್ತದೆ. ಎಂಟು ಅಡಿಯಿಂದ ಒಂದು ಅಡಿಗೆ ಬಂದರೆ 18 ಏರಿತು.

ಎಸ್.ಐ.ಟಿ. ಬಡಾವಣೆ: ತಪ್ಪು 5,000 ವ್ಯಾಟ್ ಪಿ.ಎಂ.ಪಿ.ಒ. (ಕ್ಷಣಮಾತ್ರದ ಗರಿಷ್ಠ ಶಕ್ತಿ ಎಂದು ಹೇಳಿಕೊಳ್ಳುವ ಅಂಕಿ) ಎಂದು ಬರೆದು ಮಾರುವ ಪೆಟ್ಟಿಗೆಗಳದ್ದು. ನನ್ನದು ಗಾಜಿನ ಕೊಳವೆಗಳ ಹಳೆಯ ಮಾದರಿಯ, 40 ವ್ಯಾಟಿನ ವಾಲ್ವ್ ಆಂಪ್ಲಿಫೈಯರ್. ವಿರೂಪವಿಲ್ಲದ ಶುದ್ಧ ಶಬ್ದ ಎಷ್ಟಿದ್ದರೂ ಕಿವಿಗೆ ಹಾನಿ ಮಾಡುವುದಿಲ್ಲ.

ಗುಬ್ಬಿ ಗೇಟ್: ಆ ಪೆಟ್ಟಿಗೆಯ ಹಿಂಬದಿಯಲ್ಲಿ 230 ವೋಲ್ಟ್, 60 ವ್ಯಾಟ್ ಎಂದು ಸಣ್ಣಕ್ಷರದಲ್ಲಿ ಬರೆದಿರುತ್ತದೆ, ಓದಿ. ಗೋಡೆಯಿಂದ 60 ತೆಗೆದುಕೊಂಡು ಹಾಡಿಗೆ 5,000 ಕೊಡುವ ಯಂತ್ರವನ್ನು ನಾನಿನ್ನೂ ರಿಪೇರಿ ಮಾಡಿಲ್ಲ. ಹಾಗೆಂದು ನಿಮ್ಮ 40 ವ್ಯಾಟ್ ಸಾಧುವೇನಲ್ಲ. ಒಂದು ವ್ಯಾಟಿಗೆ ಒಂದು ಮೀಟರಿನಲ್ಲಿ 90 ಡೆಸಿಬಲ್ ಕೊಡುವ ಸ್ಪೀಕರು 40 ವ್ಯಾಟಿಗೆ 106 ಕೊಡುತ್ತದೆ.

ಎಸ್.ಐ.ಟಿ. ಬಡಾವಣೆ: ಸಂಗೀತವನ್ನು ಲೆಕ್ಕದ ಪುಸ್ತಕದಂತೆ ಕೇಳುವವರ ಜೊತೆ ನಾನು ವಾದಿಸುವುದಿಲ್ಲ. ತಜ್ಞರು ಹೇಳಲಿ.

ಶ್ರವಣತಜ್ಞೆ: ರಿಪೇರಿಯವರು ಹೇಳಿದ್ದು ಸರಿ. ರೋಮಕೋಶಕ್ಕೆ ರಾಗವೂ ಗೊತ್ತಿಲ್ಲ, ವಾಲ್ವೂ ಗೊತ್ತಿಲ್ಲ. 100 ಡೆಸಿಬಲ್ಲಿಗೆ, ಕಾರ್ಖಾನೆಗಳಲ್ಲಿ ಬಳಸುವ 85 ಡೆಸಿಬಲ್ಲಿಗೆ 8 ಗಂಟೆ ಎಂಬ ಲೆಕ್ಕದಂತೆ, ದಿನಕ್ಕೆ 15 ನಿಮಿಷವಷ್ಟೇ ಸಿಗುತ್ತದೆ. ಶುದ್ಧ ಶಬ್ದ ಇನ್ನೂ ಮೋಸದ್ದು, ಏಕೆಂದರೆ ಕರ್ಕಶವಾದಾಗ ಕೈ ತಾನಾಗಿ ಗುಂಡಿಯ ಕಡೆಗೆ ಹೋಗುತ್ತದೆ, ಇಂಪಾಗಿದ್ದಾಗ ಹೋಗುವುದಿಲ್ಲ.

ಶಿರಾ ಗೇಟ್: ನಮ್ಮ ಸ್ಪೀಕರಿನಲ್ಲಿ "ಗುಂಯ್" ಎಂಬ ಸದ್ದು ಬರುತ್ತಿತ್ತು. ಎಲೆಕ್ಟ್ರಿಷಿಯನ್ ಪ್ಲಗ್ಗಿನ ದಪ್ಪ ಪಿನ್ನನ್ನು ಮುರಿದ ಮೇಲೆ ಸದ್ದು ನಿಂತಿತು. ಈಗ ಪೆಟ್ಟಿಗೆ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ.

ಗುಬ್ಬಿ ಗೇಟ್: ಅದನ್ನು ಮುಟ್ಟಬೇಡಿ, ಇಂದೇ ಪ್ಲಗ್ ಬದಲಾಯಿಸಿ. ಆ ಪಿನ್ ಉಳಿದೆರಡಕ್ಕಿಂತ ಉದ್ದವಾಗಿರುವುದು ಭೂಸಂಪರ್ಕ ಮೊದಲು ಸಿಗಲಿ, ಕೊನೆಗೆ ಬಿಡಲಿ ಎಂಬ ಕಾರಣಕ್ಕೆ. ಹೊಸ ಪ್ಲಗ್ ಹಾಕಿದ ಮೇಲೆ ಸದ್ದು ಮರಳಿ ಬಂದರೆ ಕೇಬಲ್ ಟಿ.ವಿ.ಯ ತಂತಿಯನ್ನು ಕಿತ್ತು ನೋಡಿ. ಸದ್ದು ನಿಂತರೆ ಎರಡು ಕಡೆಯಿಂದ ಭೂಸಂಪರ್ಕ ಸೇರಿ ಆಗುತ್ತಿರುವ ತೊಂದರೆ ಅದು, ಅದಕ್ಕೆ ಬೇರೆ ಪರಿಹಾರವಿದೆ. ಮುರಿದವರನ್ನು ಮತ್ತೆ ಕರೆಯಬೇಡಿ.

ಹನುಮಂತಪುರ: ಬ್ಲೂಟೂತ್ ವಿಕಿರಣದಿಂದ ಕಿವಿ ನರ ಸಾಯುತ್ತದೆಯೇ?

ಶ್ರವಣತಜ್ಞೆ: ಇಲ್ಲ. ಅದರ ರೇಡಿಯೊ ಶಕ್ತಿ ಫೋನಿಗಿಂತಲೂ ಬಹಳ ಕಡಿಮೆ. ಹೆದರಬೇಕಾದದ್ದು ವಾಲ್ಯೂಮಿಗೆ.

ಗೋಕುಲ ಬಡಾವಣೆ, ಕೆಳಮನೆ: ನಮ್ಮ ಮೇಲಿನ ಮನೆಯವರ ಸಬ್‌ವೂಫರಿನಿಂದ ರಾತ್ರಿ ಹನ್ನೊಂದಕ್ಕೆ ನಮ್ಮ ಷೋಕೇಸಿನ ಗಾಜು ನಡುಗುತ್ತದೆ. ಅವರೂ ಈ ಗುಂಪಿನಲ್ಲಿದ್ದಾರೆ.

ಗೋಕುಲ ಬಡಾವಣೆ, ಮೇಲ್ಮನೆ: ಇದ್ದೇನೆ. ಫೋನಿನ ಆಪ್‌ನಲ್ಲಿ ಅಳೆದಿದ್ದೇನೆ, 48 ಡೆಸಿಬಲ್ ದಾಟಿಲ್ಲ. ಬೆಳಿಗ್ಗೆ ಐದಕ್ಕೆ ನಿಮ್ಮ ಮಿಕ್ಸರ್ ಎಷ್ಟಿರುತ್ತದೆ ಎಂದು ಅಳೆದು ಹಾಕಲೇ?

ಕೆಳಮನೆ: ಚಟ್ನಿ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ನಿಮ್ಮ ಸಿನಿಮಾ ಮುಗಿಯುವುದಿಲ್ಲ.

ಶ್ರವಣತಜ್ಞೆ: ಜಗಳ ನನಗೆ ಬೇಡ, ಆದರೆ ಅಳತೆ ತಪ್ಪಾಗಿರುವುದರಿಂದ ಹೇಳುತ್ತೇನೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬಲ್. ಖಾಸಗಿ ಧ್ವನಿವ್ಯವಸ್ಥೆಯ ಶಬ್ದ ಮನೆಯ ಗಡಿಯಲ್ಲಿ ಅದಕ್ಕಿಂತ 5ಕ್ಕೂ ಹೆಚ್ಚು ಏರಬಾರದು. ಆದರೆ ಈ ಅಳತೆ "ಎ" ಮಾಪನದ್ದು, ಅದು ಮಂದ್ರ ಶಬ್ದವನ್ನು ಬಹಳಷ್ಟು ಕಳೆದು ತೋರಿಸುತ್ತದೆ. ಫೋನಿನ ಮೈಕಿಗೂ ಮಂದ್ರ ಸರಿಯಾಗಿ ಸಿಗುವುದಿಲ್ಲ. ಆದ್ದರಿಂದ ಆಪ್ 48 ಎಂದರೂ ಗಾಜು ನಡುಗುವುದು ಸುಳ್ಳಲ್ಲ. ಪೆಟ್ಟಿಗೆ ಮೂಲೆಯಲ್ಲಿದ್ದರೆ ಮಂದ್ರ ಇಮ್ಮಡಿಸುತ್ತದೆ. ಈಚೆಗೆ ಎಳೆದು, ಕೆಳಗೆ ದಪ್ಪ ರಬ್ಬರ್ ಹಾಸಿ, ಹತ್ತರ ನಂತರ ಅದೊಂದನ್ನು ಆರಿಸಿ.

ಮೇಲ್ಮನೆ: ಕೊನೆಗೂ ತಪ್ಪು ನನ್ನದೇ ಆಯಿತು. ಸಂತೋಷ.

ಕ್ಯಾತ್ಸಂದ್ರ: ಶ್ರವಣ ಸಾಧನದ ಬಗ್ಗೆ ಎರಡನೆಯ ಸಲ ಕೇಳುತ್ತಿದ್ದೇನೆ.

ಬೆಳಗುಂಬ: ಬ್ಲೂಟೂತ್ ಇಯರ್‌ಫೋನ್ ಹಾಕಿಕೊಂಡರೆ ಮಿದುಳಿಗೆ ತೊಂದರೆಯಂತೆ, ನಿಜವೇ?

ಶ್ರವಣತಜ್ಞೆ: ಮೇಲೆ ಓದಿ.

ಉಪ್ಪಾರಹಳ್ಳಿ: ಕೇಳಿದವರಿಗೆಲ್ಲ ಹೀಗೆ ಉತ್ತರಿಸುವುದಾದರೆ ಈ ಕಾರ್ಯಕ್ರಮವೇಕೆ? 528 ಹರ್ಟ್ಸ್ ಧ್ವನಿಯನ್ನು ಹೆಡ್‌ಫೋನಿನಲ್ಲಿ ಒಂದು ಗಂಟೆ ಜೋರಾಗಿ ಕೇಳಿದರೆ ಸತ್ತ ಕೋಶಗಳು ಬೆಳೆಯುತ್ತವೆ ಎಂದು ಈಗಷ್ಟೇ ಬಂದಿದೆ. ಬಟವಾಡಿಯವರು ನೋಡಲಿ.

ಶ್ರವಣತಜ್ಞೆ: ಶಬ್ದದಿಂದ ಪೆಟ್ಟುಬಿದ್ದ ಕಿವಿಗೆ ಒಂದು ಗಂಟೆ ಜೋರಾದ ಶಬ್ದ ಕೊಡಿ ಎನ್ನುತ್ತಿದ್ದೀರಿ. ನಿರ್ವಾಹಕರೇ, ಆ ಸಂದೇಶವನ್ನು ತೆಗೆಯದಿದ್ದರೆ ನಾನು ಇಲ್ಲಿಗೆ ನಿಲ್ಲಿಸುತ್ತೇನೆ.

ನಿರ್ವಾಹಕರು: ತೆಗೆಯಲಾಗಿದೆ. ಸದಸ್ಯರು ಸಂಯಮದಿಂದಿರಬೇಕು.

ಬಟವಾಡಿ (ಮಂಗಳವಾರ): ನಿನ್ನೆ ಹೋಗಿದ್ದೆ. ಗುಗ್ಗೆ ಇರಲಿಲ್ಲ, ಎಣ್ಣೆ ಒರೆಸಿ ತೆಗೆಯುವುದಕ್ಕೇ ಕಾಲು ಗಂಟೆಯಾಯಿತು. ಪರೀಕ್ಷೆಯ ಹಾಳೆಯಲ್ಲಿ ಗೆರೆ 2,000 ಹರ್ಟ್ಸ್‌ವರೆಗೆ ಸರಿಯಾಗಿದ್ದು, 4,000ದಲ್ಲಿ ಬಾವಿಗೆ ಇಳಿದಂತೆ 55 ಡೆಸಿಬಲ್ಲಿಗೆ ಇಳಿದು, 8,000ದಲ್ಲಿ ಸ್ವಲ್ಪ ಮೇಲೆ ಬಂದಿದೆ. ಮಾತ್ರೆ ಆರಂಭಿಸಿದ್ದಾರೆ, ದಿನಕ್ಕೆರಡು ಸಲ ಸಕ್ಕರೆ ನೋಡಿಕೊಳ್ಳಲು ಹೇಳಿದ್ದಾರೆ. ಮಗ ಆಂಪ್ಲಿಫೈಯರನ್ನು ಮಾರಿಬಿಡೋಣ ಎನ್ನುತ್ತಿದ್ದಾನೆ. ಮುಂದಿನ ಸೋಮವಾರ ಮತ್ತೆ ಪರೀಕ್ಷೆ ಇದೆ.

ಶ್ರವಣತಜ್ಞೆ: 4,000ದಲ್ಲಿ ಗೆರೆ ಹಾಗೆ ತಗ್ಗಿರುವುದು ಶಬ್ದದ ಪೆಟ್ಟಿನ ಗುರುತು. ಕೆಳಗಿನ ಕಂಪನಾಂಕಗಳು ಉಳಿದಿರುವುದು ಒಳ್ಳೆಯದಾಯಿತು. ರಾತ್ರಿ ಸಿಳ್ಳೆ ಕಾಡಿದರೆ ಫ್ಯಾನ್ ಹಾಕಿಕೊಂಡು ಮಲಗಿ, ಪೂರ್ತಿ ನಿಶ್ಶಬ್ದದಲ್ಲಿ ಅದು ದೊಡ್ಡದಾಗಿ ಕೇಳುತ್ತದೆ. ಮಾರುವ ಮಾತು ಆಮೇಲೆ ಇರಲಿ, ಮಗನನ್ನು ಬೈಯಬೇಡಿ. ಸೋಮವಾರದ ಪರೀಕ್ಷೆಗೆ ಮೊದಲು 16 ಗಂಟೆ ಜೋರು ಶಬ್ದದಿಂದ ದೂರವಿರಬೇಕು, ಇಲ್ಲದಿದ್ದರೆ ಗೆರೆ ಸರಿಯಾಗಿ ಬರುವುದಿಲ್ಲ. ಅಂದರೆ ಭಾನುವಾರ ಸಂಜೆಯಿಂದ ಮಿಕ್ಸರಿನ ಹತ್ತಿರವೂ ನಿಲ್ಲಬೇಡಿ.