ಟೆನ್ಷನ್ ಆದಾಗಲೂ ಎದೆ ಬಡಿತ ತಪ್ಪುತ್ತದೆ, ಉಂಡು ಮಲಗಿದಾಗಲೂ ತಪ್ಪುತ್ತದೆ, ಯಾಕೆ?

ತುಂಗಾತೀರ:
ಅಪ್ಪನಿಗೆ 62 ವರ್ಷ. ಯಾರ ಜೊತೆಗಾದರೂ ಮಾತಿಗೆ ಮಾತು ಬೆಳೆದರೆ ಸಾಕು, ಎದೆ ಡವಡವ ಎನ್ನುತ್ತದೆ, ನಡುವೆ ಒಂದು ಬಡಿತ ತಪ್ಪಿದ ಹಾಗಾಗುತ್ತದಂತೆ. ಅದು ಟೆನ್ಷನ್ ಅಂದುಕೊಳ್ಳೋಣ. ಆದರೆ ರಾತ್ರಿ ಹೊಟ್ಟೆ ತುಂಬ ಉಂಡು ಆರಾಮಾಗಿ ಮಲಗಿದಾಗಲೂ ಹಾಗೇ ಆಗುತ್ತದೆ. ಇಸಿಜಿ ನಾರ್ಮಲ್ ಬಂದಿದೆ. ಯಾಕಿರಬಹುದು?

ಲ್ಯಾಬ್_ಗೆಳೆಯ:
ಸಿಟ್ಟು ಬಂದಾಗಿನದು ಅಡ್ರಿನಲಿನ್, ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳ ಕೆಲಸ. ಮೊದಲನೆಯದು ಕಿಡ್ನಿ ಮೇಲಿನ ಗ್ರಂಥಿಯಿಂದ ರಕ್ತಕ್ಕೆ ಸೇರುತ್ತದೆ, ಎರಡನೆಯದನ್ನು ಹೆಚ್ಚಾಗಿ ನರದ ತುದಿಗಳೇ ಹೃದಯಕ್ಕೆ ಬಿಡುತ್ತವೆ. ಎರಡೂ ಹೃದಯದ ಜೀವಕೋಶದ ಮೇಲಿರುವ ಬೀಟಾ-1 ಗ್ರಾಹಕಕ್ಕೆ ಅಂಟಿಕೊಂಡಾಗ ಅದರೊಳಕ್ಕೆ ಕ್ಯಾಲ್ಸಿಯಂ ಜಾಸ್ತಿ ನುಗ್ಗುತ್ತದೆ, ಬಡಿತ ಜೋರಾಗುತ್ತದೆ. ಆದರೆ ಒಳಗೆ ಕೂಡಿಟ್ಟ ಕ್ಯಾಲ್ಸಿಯಂ ಅತಿಯಾಗಿ ಎರಡು ಬಡಿತಗಳ ನಡುವೆ ಸೋರಿದರೆ, ಸರದಿಗೆ ಮೊದಲೇ ಒಂದು ಬಡಿತ ಬಂದುಬಿಡುತ್ತದೆ. ಅದರ ನಂತರದ ಬಿಡುವು ಉದ್ದ, ಅದಕ್ಕೇ ತಪ್ಪಿದ ಹಾಗೆ ಅನ್ನಿಸುವುದು.

ಟೆನ್ಷನ್ ಅಂತ ಸುಮ್ನೆ ತಳ್ಳಿಹಾಕಬೇಡಿ. 1994ರ ಜನವರಿ 17ರಂದು ಲಾಸ್ ಏಂಜಲೀಸ್ ಬಳಿ ನಾರ್ತ್‌ರಿಡ್ಜ್ ಭೂಕಂಪ ಆದ ದಿನ, ಅಲ್ಲಿ ಹೃದಯದ ತೊಂದರೆಯಿಂದ ಹಠಾತ್ತಾಗಿ ಸತ್ತವರು 24 ಜನ. ಹಿಂದಿನ ವಾರ ದಿನಕ್ಕೆ ಸರಾಸರಿ 4.6 ಇತ್ತು.

ಮಲ್ನಾಡ್_ಹುಡುಗಿ:
ರಾತ್ರಿಯದು ಇದಕ್ಕೆ ತದ್ವಿರುದ್ಧ ಇರಬಹುದು. ಉಂಡು ಮಲಗಿದಾಗ ಮಿದುಳಿನಿಂದ ಹೃದಯಕ್ಕೆ ಬರುವ ವೇಗಸ್ ನರ ಚುರುಕಾಗಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಬಿಡುತ್ತದೆ. ಬಡಿತ ನಿಧಾನವಾಗುತ್ತದೆ, ಒಳ್ಳೆಯದೇ ಅಲ್ವಾ ಅನ್ನಬಹುದು. ಆದರೆ ಹೃದಯದ ಮೇಲಿನ ಕೋಣೆಗಳಲ್ಲಿ, ಒಂದು ಬಡಿತ ಆದ ಮೇಲೆ ಜೀವಕೋಶ ಸುಧಾರಿಸಿಕೊಳ್ಳುವ ಹೊತ್ತನ್ನೂ ಅದು ಮೊಟಕು ಮಾಡುತ್ತದೆ, ಆಗ ಅಕಾಲದ ಬಡಿತವೊಂದು ಬಂದರೆ ವಿದ್ಯುತ್ ಅಲೆ ಅಲ್ಲಲ್ಲೇ ಸುತ್ತತೊಡಗಿ ಏಟ್ರಿಯಲ್ ಫಿಬ್ರಿಲೇಷನ್ (ಆ ಕೋಣೆಗಳು ಲಯ ತಪ್ಪಿ ಅದುರುವುದು) ಶುರುವಾಗಬಹುದು. ಇಂಥವರಿಗೆ ಬೀಟಾ ಬ್ಲಾಕರ್ (ಅಡ್ರಿನಲಿನ್ ಪರಿಣಾಮ ತಡೆಯುವ ಮಾತ್ರೆ) ಕೆಲವೊಮ್ಮೆ ತೊಂದರೆಯನ್ನೇ ಹೆಚ್ಚಿಸುತ್ತದೆ. ಹಾಗಾಗಿ ಯಾವ ಹೊತ್ತಿಗೆ, ಏನು ಮಾಡುತ್ತಿದ್ದಾಗ ಆಯಿತು ಅಂತ ಬರೆದಿಟ್ಟು ಡಾಕ್ಟರಿಗೆ ತೋರಿಸಿ.

ಶುಶ್ರೂಷೆ:
ಇಸಿಜಿ ಹಿಡಿಯುವುದು ಕೆಲವೇ ಸೆಕೆಂಡಿನ ಬಡಿತವನ್ನು. 24 ಗಂಟೆಯೂ ಬಡಿತ ದಾಖಲಿಸುವ ಹೋಲ್ಟರ್ ಯಂತ್ರ ಕಟ್ಟಿಸಬೇಕಾ ಅಂತ ಕೇಳಿ, ಥೈರಾಯ್ಡ್, ಪೊಟ್ಯಾಸಿಯಂ ಕೂಡ ನೋಡಿಸಿ. ತಲೆ ಸುತ್ತಿ ಬಿದ್ದರೆ, ಎದೆ ನೋವು ಬಂದರೆ, ಉಸಿರು ಕಟ್ಟಿದರೆ ಒಂದು ಗಳಿಗೆಯೂ ಕಾಯಬೇಡಿ. ಪಕ್ಕದ ಮನೆಯವರ ಬೀಟಾ ಬ್ಲಾಕರ್ ಮಾತ್ರೆ ಕೊಡಲೇಬೇಡಿ, ಅಸ್ತಮಾ ಇದ್ದರಂತೂ ಅಪಾಯ.

ತುಂಗಾತೀರ:
ಅಪ್ಪನಿಗೆ ಅಸ್ತಮಾ ಇದೆ ಅಕ್ಕಾ, ಸಾಲ್ಬುಟಮಾಲ್ ಇನ್ಹೇಲರ್ ತಗೊಳ್ತಾರೆ. ಅದರಿಂದಲೂ ಹೀಗಾಗುತ್ತದಾ?

ಶುಶ್ರೂಷೆ:
ಆಗಬಹುದು. ಅದು ಬೀಟಾ-2 ಗ್ರಾಹಕಗಳ ಮೇಲೆ ಕೆಲಸ ಮಾಡುತ್ತದೆ, ಅವು ಹೃದಯದಲ್ಲೂ ಇವೆ. ಹಾಗಂತ ನೀವೇ ನಿಲ್ಲಿಸಬೇಡಿ. ಹೋಲ್ಟರ್ ಕಟ್ಟಿದ ದಿನ ಯಾವಾಗ ಎಳೆದುಕೊಂಡರು ಅಂತ ಟೈಮ್ ಸಮೇತ ಬರೆದಿಡಿ.