ಅಪ್ಪನ ವಾಲ್ವ್‌ನಲ್ಲಿ ಎರಡೇ ಎಸಳು: ಟಾವಿ ಮಾಡಿಸಬಹುದಾ?

ಪ್ರಶ್ನೆ (ತೀರ್ಥಹಳ್ಳಿ)
ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 67 ವರ್ಷ. ತೋಟದ ಏರು ಹತ್ತುವಾಗ ಏದುಸಿರು ಬರುತ್ತದೆ. ಮೊನ್ನೆ ಕಣ್ಣು ಕತ್ತಲೆ ಬಂದು ಅಡಿಕೆ ಮರದ ಬುಡದಲ್ಲೇ ಕುಸಿದರು. ಎಕೋದಲ್ಲಿ (ಹೃದಯದ ಸ್ಕ್ಯಾನ್) ಬೈಕಸ್ಪಿಡ್ ಅಯೋರ್ಟಿಕ್ ವಾಲ್ವ್, ಅಂದರೆ ಹೃದಯದಿಂದ ರಕ್ತ ಹೊರಹೋಗುವ ವಾಲ್ವ್‌ಗೆ ಮೂರರ ಬದಲು ಎರಡೇ ಎಸಳು, ತೀವ್ರ ಸ್ಟೆನೋಸಿಸ್ (ವಾಲ್ವ್ ಕಿರಿದಾಗಿದೆ) ಅಂತ ಬಂದಿದೆ. ಮೀನ್ ಗ್ರೇಡಿಯಂಟ್ (ವಾಲ್ವ್‌ನ ಎರಡು ಬದಿಯ ಒತ್ತಡದ ವ್ಯತ್ಯಾಸ) 52 mmHg, ವಾಲ್ವ್ ಏರಿಯಾ 0.7 ಚ.ಸೆಂ.ಮೀ., ಅಯೋರ್ಟಾ (ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ) 43 ಮಿ.ಮೀ. ಒಬ್ಬ ಡಾಕ್ಟರು ಟಾವಿ ಮಾಡೋಣ, ಅಂದರೆ ಎದೆ ತೆರೆಯದೆ ತೊಡೆಯ ರಕ್ತನಾಳದಿಂದ ನಳಿಗೆ ತೂರಿಸಿ ಹೊಸ ವಾಲ್ವ್ ಕೂರಿಸೋಣ ಅಂದರು. ಇನ್ನೊಬ್ಬರು ಎದೆ ತೆರೆದೇ ಮಾಡಬೇಕು ಅಂದರು. ಅಪ್ಪನದ್ದು ಒಂದೇ ಹಟ, ಎದೆ ಕೊಯ್ಯೋದು ಬೇಡ. ಯಾರ ಮಾತು ಕೇಳಲಿ?

ಉತ್ತರ (ಹುಬ್ಬಳ್ಳಿ)
ನಾನು ಎಕೋ ಟೆಕ್ನಿಷಿಯನ್. ಇಂಥ ವಾಲ್ವ್‌ಗಳನ್ನು ದಿನಾ ನೋಡುತ್ತೇನೆ. ಮೊದಲು ಒಂದು ಮಾತು: ಕಣ್ಣು ಕತ್ತಲೆ ಬಂದಿದೆ ಅಂದರೆ ಮುಂದೂಡುವ ಹಾಗಿಲ್ಲ. ತೋಟದ ಏರು ಈಗ ಬೇಡವೇ ಬೇಡ.

ಇಬ್ಬರು ಡಾಕ್ಟರೂ ತಪ್ಪು ಹೇಳಿಲ್ಲ. 2002ರಲ್ಲಿ ಫ್ರಾನ್ಸ್‌ನ ರುವಾನ್‌ನಲ್ಲಿ ಡಾ. ಅಲೇನ್ ಕ್ರಿಬಿಯೇ ಜಗತ್ತಿನ ಮೊದಲ ಟಾವಿ ಮಾಡಿದರಲ್ಲ, ಆ ರೋಗಿಯದ್ದೂ ಬೈಕಸ್ಪಿಡ್ ವಾಲ್ವೇ. ಆದರೆ ಆಮೇಲೆ ಟಾವಿಯನ್ನು ಆಪರೇಷನ್ ಜೊತೆ ಹೋಲಿಸಿದ ದೊಡ್ಡ ಟ್ರಯಲ್‌ಗಳು ಬೈಕಸ್ಪಿಡ್ ಇದ್ದವರನ್ನು ಹೊರಗಿಟ್ಟವು. 'ಟಾವಿ ಆಪರೇಷನ್‌ನಷ್ಟೇ ಒಳ್ಳೆಯದು' ಅನ್ನುವ ಮಾತು ಮೂರು ಎಸಳಿನವರಿಗೆ ಸೇರಿದ್ದು. 2024ರ ನೋಷನ್-2 ಟ್ರಯಲ್‌ನಲ್ಲಿ 75 ವರ್ಷದೊಳಗಿನ, ಆಪರೇಷನ್ ಅಪಾಯ ಕಡಿಮೆ ಇರುವ 100 ಬೈಕಸ್ಪಿಡ್ ರೋಗಿಗಳಿದ್ದರು. ಒಂದು ವರ್ಷದೊಳಗೆ ಸಾವು, ಸ್ಟ್ರೋಕ್ ಅಥವಾ ಮತ್ತೆ ಆಸ್ಪತ್ರೆ ಸೇರಿದ್ದು ಟಾವಿಯವರಲ್ಲಿ ಶೇ. 14.3, ಆಪರೇಷನ್ ಆದವರಲ್ಲಿ ಶೇ. 3.9. ರೋಗಿಗಳ ಸಂಖ್ಯೆ ಚಿಕ್ಕದು, ಇದೇ ಕೊನೆಯ ತೀರ್ಪಲ್ಲ. ಆದರೂ ಅಪ್ಪನ ವಯಸ್ಸಿಗೆ ನಾನು ಇದನ್ನು ತಳ್ಳಿಹಾಕಲಾರೆ.

ಟಾವಿಯ ಹೊಸ ವಾಲ್ವ್ ಹಳೆಯದರ ಒಳಗೆ ದುಂಡಗೆ ಅರಳಬೇಕು. ಬೈಕಸ್ಪಿಡ್‌ನಲ್ಲಿ ಹೆಚ್ಚಾಗಿ ಮೂರರಲ್ಲಿ ಎರಡು ಎಸಳು ಒಂದಾಗಿ ಅಂಟಿಕೊಂಡ ಗೆರೆ ಇರುತ್ತದೆ, ಅದಕ್ಕೆ ರಾಫೆ ಅನ್ನುತ್ತಾರೆ. ಅಲ್ಲಿ ಕ್ಯಾಲ್ಸಿಯಂ ಕಲ್ಲಿನ ಹಾಗೆ ಕಟ್ಟಿದ್ದರೆ ವಾಲ್ವ್ ಸೊಟ್ಟಗೆ ಕೂರುತ್ತದೆ, ಪಕ್ಕದಿಂದ ರಕ್ತ ಸೋರುತ್ತದೆ. ಬಲೂನಿನಿಂದ ಜಾಸ್ತಿ ಹಿಗ್ಗಿಸಿದರೆ ಅಯೋರ್ಟಾದ ಬುಡವೇ ಹರಿಯಬಹುದು. ಟಾವಿ ಆದ ಬೈಕಸ್ಪಿಡ್ ರೋಗಿಗಳ ಮೇಲಿನ 2020ರ ಅಧ್ಯಯನ ಒಂದಿದೆ. ರಾಫೆಯಲ್ಲೂ ಕ್ಯಾಲ್ಸಿಯಂ, ಎಸಳುಗಳಲ್ಲೂ ಜಾಸ್ತಿ ಕ್ಯಾಲ್ಸಿಯಂ ಇದ್ದವರಲ್ಲಿ ಎರಡು ವರ್ಷದಲ್ಲಿ ಶೇ. 25.7 ಜನ ತೀರಿಕೊಂಡರು. ಎರಡೂ ಇಲ್ಲದವರಲ್ಲಿ ಶೇ. 5.9. ಎಷ್ಟು ಅಂತರ ನೋಡಿ!

ಇದನ್ನು ಎಕೋ ಪೂರ್ತಿ ಹೇಳಲಾರದು, ನನ್ನ ಕೆಲಸವೇ ಆದರೂ. ಸಿಟಿ ಮಾಡಿಸಿ. ಅದಕ್ಕೆ ಡೈ ಕೊಡುತ್ತಾರೆ, ಕಿಡ್ನಿಗೆ ತೊಂದರೆ ಆಗಬಾರದು, ಹಾಗಾಗಿ ಮೊದಲು ಕ್ರಿಯಾಟಿನಿನ್ (ಕಿಡ್ನಿಯ ರಕ್ತಪರೀಕ್ಷೆ) ನೋಡಿಸಿ. ಸಿಟಿಯಲ್ಲಿ ಅಯೋರ್ಟಾ 45 ಮಿ.ಮೀ. ದಾಟಿದ್ದರೆ ವಾಲ್ವ್ ಜೊತೆಗೇ ಅದನ್ನೂ ಬದಲಿಸುವ ಯೋಚನೆ ಮಾಡುತ್ತಾರೆ. ಟಾವಿಯಲ್ಲಿ ಅದು ಆಗಲ್ಲ. ರಿಪೋರ್ಟ್ ಬಂದ ಮೇಲೆ ಕಾರ್ಡಿಯಾಲಜಿಸ್ಟ್ ಮತ್ತು ಸರ್ಜನ್ ಇಬ್ಬರೂ ಒಟ್ಟಿಗೆ ಕೂತು ಹೇಳಲಿ.

ಉತ್ತರ (ಮಂಗಳೂರು)
ನಮ್ಮ ಯಜಮಾನರಿಗೂ ಇದೇ ವಾಲ್ವ್. ಎದೆ ತೆರೆದೇ ಮಾಡಿದರು, ಟಿಶ್ಯೂ ವಾಲ್ವ್ (ಪ್ರಾಣಿಯ ಅಂಗಾಂಶದಿಂದ ಮಾಡಿದ್ದು) ಹಾಕಿದರು. ಮೊದಲ ವಾರ ಕಷ್ಟ, ಸುಳ್ಳು ಹೇಳಲ್ಲ. ಕೆಮ್ಮುವಾಗ ದಿಂಬು ಎದೆಗೆ ಅವುಚಿಕೊಳ್ಳಬೇಕು. ಮೂಳೆ ಕೂಡುವವರೆಗೆ ಸ್ಕೂಟರ್ ಇಲ್ಲ, ಕೊಡಪಾನ ಎತ್ತೋದಿಲ್ಲ. ಈಗ ಕದ್ರಿ ದೇವಸ್ಥಾನದ ಮೆಟ್ಟಿಲು ನನಗಿಂತ ಬೇಗ ಹತ್ತುತ್ತಾರೆ. ನಿಮ್ಮ ತಂದೆಯವರು ಮಾತಾಡುವುದಾದರೆ ಇವರ ಹತ್ತಿರ ಮಾತಾಡಿಸುತ್ತೇನೆ.

ಪ್ರಶ್ನೆ ಕೇಳಿದವರು
ಸಿಟಿ ಆಯಿತು. ಅಯೋರ್ಟಾ 46, ರಾಫೆ ಪೂರ್ತಿ ಕ್ಯಾಲ್ಸಿಯಂ. ಈಗ ಇಬ್ಬರೂ ಆಪರೇಷನ್ನೇ ಅಂದಿದ್ದಾರೆ. ಮಂಗಳೂರಿನ ಅಕ್ಕಾ, ನಿಮ್ಮ ಯಜಮಾನರ ಜೊತೆ ಮಾತಾಡಿದ ಮೇಲೆ ಅಪ್ಪ ಒಪ್ಪಿದರು. ತುಂಬಾ ಉಪಕಾರ ಆಯಿತು. ನಾನು, ತಮ್ಮ ಕೂಡ ಪರೀಕ್ಷೆ ಮಾಡಿಸಬೇಕಾ?

ಉತ್ತರ (ಹುಬ್ಬಳ್ಳಿ)
ಖಂಡಿತ ಮಾಡಿಸಿ, ಅತ್ತೆ ಚಿಕ್ಕಪ್ಪಂದಿರಿಗೂ ಹೇಳಿ. ಇದು ಹುಟ್ಟಿನಿಂದ ಬರುವುದು, ಮನೆತನದಲ್ಲಿ ಹರಿಯುತ್ತದೆ. ಎಕೋ ಒಂದು ಸಾಕು. ಹಾಗೇ ಆಪರೇಷನ್‌ಗೆ ಮೊದಲು ಅಪ್ಪನ ಹಲ್ಲು ತೋರಿಸಿಬಿಡಿ. ಹುಳುಕಿನ ಸೋಂಕು ರಕ್ತಕ್ಕೆ ಸೇರಿದರೆ ಹೊಸ ವಾಲ್ವ್‌ಗೆ ಹತ್ತಬಹುದು.